ಚಿಕ್ಕಪ್ಪನ ವಿಶ್ವ ಪ್ರವಾಸಕ್ಕೆ ನಾನೇ ಮ್ಯಾನೇಜರು

ಬೆಳಿಗ್ಗೆ ಎದ್ದು ಹಸುವಿನ ಹಾಲು ಕರೆದು, ಡೈರಿಗೆ ಹಾಕಿ ಬಂದು, ಕೈ ತೊಳೆದುಕೊಂಡು ಎಲೆಕ್ಟ್ರಿಕ್ ಗಿಟಾರ್ ಹಿಡಿಯುವ ರಾಕ್ ಗಾಯಕ ಇಡೀ ಭೂಮಂಡಲದಲ್ಲಿ ಒಬ್ಬನೇ ಇರಬಹುದು. ಆ ಒಬ್ಬನೂ ನನಗೇ ಚಿಕ್ಕಪ್ಪನಾಗಬೇಕಿತ್ತೆ?

ನಮ್ಮ ಮನೆಯಲ್ಲಿ ಅವನನ್ನು ಯಾರೂ ಬಹುವಚನದಲ್ಲಿ ಕರೆದದ್ದಿಲ್ಲ. "ಇವ್ನು ಒಬ್ನೇ ಇಷ್ಟು ಗಲಾಟೆ ಮಾಡ್ತಾನೆ. 'ಅವ್ರು' ಅಂತ ಕರುದ್ರೆ ಇನ್ನೆಷ್ಟು ಜನ ಆಗ್ತಾನೋ" ಎನ್ನುತ್ತಿದ್ದಳು ನಮ್ಮಜ್ಜಿ. ಅವಳ ಭಯದಲ್ಲಿ ಅರ್ಥವಿತ್ತು. ಕಾಮಸಮುದ್ರದ ದಾರಿಯಲ್ಲಿರುವ ನಮ್ಮ ಊರಿನಲ್ಲಿ ಚಿಕ್ಕಪ್ಪ ಗಿಟಾರಿಗೆ ಕರೆಂಟು ಕೊಟ್ಟರೆ ಸಾಕು, ತೆಂಗಿನ ಮರದ ಕಾಗೆಗಳೆಲ್ಲ ಎದ್ದು ಆಂಧ್ರಕ್ಕೆ ಹೋಗಿಬಿಡುತ್ತವೆ. ಗಡಿ ಹತ್ತಿರವಿರುವುದರಿಂದ ಅವಕ್ಕೆ ಹೆಚ್ಚು ತೊಂದರೆಯಿಲ್ಲ. ತೊಂದರೆಯೆಲ್ಲ ಹಾರಲು ಬಾರದ ನಮಗೆ.

ಈ ರೋಗ ಅವನಿಗೆ ಹತ್ತಿದ್ದು ಚಿನ್ನದ ಗಣಿಯ ಚಾಂಪಿಯನ್ ರೀಫ್ಸ್‌ನಲ್ಲಿ. ಗಣಿ ಇನ್ನೂ ನಡೆಯುತ್ತಿದ್ದ ಕಾಲದಲ್ಲಿ ಚಿಕ್ಕಪ್ಪ ಸೈಕಲ್ಲಿಗೆ ಕ್ಯಾನು ಕಟ್ಟಿಕೊಂಡು ಅಲ್ಲಿನ ಮನೆಗಳಿಗೆ ಹಾಲು ಹಾಕಲು ಹೋಗುತ್ತಿದ್ದ. ಒಂದು ಬಂಗಲೆಯಲ್ಲಿ ಆಂಗ್ಲೋ-ಇಂಡಿಯನ್ ಮುದುಕರೊಬ್ಬರು ವರಾಂಡದಲ್ಲಿ ಕೂತು ಗಿಟಾರ್ ಬಾರಿಸುತ್ತಿದ್ದರಂತೆ. ಇವನು ಅವರ ಪಾತ್ರೆಗೆ ಹಾಲು ಸುರಿಯುತ್ತ ಹಾಗೇ ನಿಂತುಬಿಡುತ್ತಿದ್ದ. ಪಾತ್ರೆ ತುಂಬಿ ಹಾಲು ಮೆಟ್ಟಿಲು ಇಳಿದು ಹೋದರೂ ಇವನಿಗೆ ಗೊತ್ತಾಗುತ್ತಿರಲಿಲ್ಲ. ಕೊನೆಗೆ ಅವರು ಹಾಲು ಉಳಿಸುವ ಸಲುವಾಗಿಯೇ ಇವನಿಗೆ ಗಿಟಾರ್ ಕಲಿಸಿದರು ಎಂದು ನನ್ನ ಗುಮಾನಿ. ಮಗಳ ಹತ್ತಿರ ಪರದೇಶಕ್ಕೆ ಹೊರಟಾಗ ಆ ಗಿಟಾರನ್ನೂ ಇವನ ಕೈಗೇ ಕೊಟ್ಟು ಹೋದರು. ಪುಣ್ಯಾತ್ಮರು ತಾವು ತಪ್ಪಿಸಿಕೊಂಡರು.

ಅದೇ ಬೀದಿಯಲ್ಲಿ ಗಣಿ ಕೆಲಸಗಾರರೊಬ್ಬರ ಮಗ ಸೆಲ್ವ, ಸಿಕ್ಕ ಡಬ್ಬವನ್ನೆಲ್ಲ ಬಡಿಯುತ್ತ ತಿರುಗುತ್ತಿದ್ದ. ನಾನು ಅವನನ್ನು ಸೆಲ್ವ ಮಾಮ ಎನ್ನುತ್ತೇನೆ. ಚಿಕ್ಕಪ್ಪನಿಗೂ ಅವನಿಗೂ ಗಂಟು ಬಿತ್ತು. ಗಣಿಯಲ್ಲಿ ಮೂರು ಪಾಳಿ ಇರುತ್ತಿದ್ದುದರಿಂದ ತಮ್ಮ ಬ್ಯಾಂಡಿಗೆ 'ನಾಲ್ಕನೇ ಪಾಳಿ' ಎಂದು ಹೆಸರಿಟ್ಟರು. ಆಮೇಲೆ ಕಾಮಸಮುದ್ರದ ಕಡೆಯ ರೆಡ್ಡೆಪ್ಪ ಬಂದು ಸೇರಿಕೊಂಡ. ಅವನು ಖಾಸಗಿ ಬಸ್ಸಿನ ಕಂಡಕ್ಟರು, ಬ್ಯಾಂಡಿನಲ್ಲಿ ಬೇಸ್ ಗಿಟಾರು. ಬಸ್ಸಿನಲ್ಲಿ ದಿನವಿಡೀ ಕೂಗಿ ಕೂಗಿ ಮಾತೆಲ್ಲ ಖಾಲಿಯಾಗಿರುವುದರಿಂದ ಬ್ಯಾಂಡಿನಲ್ಲಿ ಅವನು ಆಡುವುದು ಒಂದೇ ಮಾತು. ತೆಲುಗಿನಲ್ಲಿ, "ಅಟ್ಲೇ ಕಾನೀ." ಹಾಗೇ ಆಗಲಿ ಎಂದು. ಮಳೆ ಬಂದರೂ ಅಟ್ಲೇ ಕಾನೀ, ಕರೆಂಟು ಹೋದರೂ ಅಟ್ಲೇ ಕಾನೀ.

ಗಣಿ ಮುಚ್ಚಿತು. ಜನ ದಿಕ್ಕಾಪಾಲಾದರು. ಇವರ ಬ್ಯಾಂಡು ಮಾತ್ರ ಮುಚ್ಚಲಿಲ್ಲ. ಸೆಲ್ವ ಮಾಮ ದಿನಾ ಬೆಳಗಿನ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಒಂದು ಕಟ್ಟಡದ ಕಾವಲು ಕಾದು ಬರುತ್ತಾನೆ. ಭಾನುವಾರ ಬಂತೆಂದರೆ ಡ್ರಮ್ಮಿನ ಮುಂದೆ ಕೂರುತ್ತಾನೆ. ಹಾಡುಗಳೆಲ್ಲ ಚಿಕ್ಕಪ್ಪನ ಸ್ವಂತ ರಚನೆ. ಕನ್ನಡದಲ್ಲಿ ಶುರುವಾಗಿ, ನಡುವೆ ತೆಲುಗು ಹತ್ತಿಸಿಕೊಂಡು, ತಮಿಳಿನಲ್ಲಿ ಇಳಿಯುತ್ತವೆ. 'ಬಂಗಾರಪೇಟೆ ಜಂಕ್ಷನ್ನು' ಎಂಬುದು ಬಹಳ ಹೆಸರುವಾಸಿ. ಎಲ್ಲಾ ರೈಲೂ ನಿಲ್ಲುತ್ತೆ, ನನ್ನ ರೈಲು ನಿಲ್ಲಲ್ಲ ಎಂಬುದು ಅದರ ಪಲ್ಲವಿ. ಹಾಡುವವನೂ ನಿಲ್ಲುವುದಿಲ್ಲ ಎನ್ನುವುದು ನಮ್ಮ ಸಂಕಟ. ಚಿಕ್ಕಪ್ಪ ಹಾಡಿನ ಮೊದಲ ಸಾಲಿನಲ್ಲೇ ಓಡಲು ಶುರು ಮಾಡುತ್ತಾನೆ, ಮಿಕ್ಕಿಬ್ಬರು ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಬಸ್ಸಿನ ಹಿಂದೆ ಓಡುವವರ ಹಾಗೆ ಅವನ ಹಿಂದೆ ಬೀಳುತ್ತಾರೆ.

ಈಗ ನನ್ನ ಕಷ್ಟಕ್ಕೆ ಬರುತ್ತೇನೆ. ರಾಬರ್ಟ್‌ಸನ್‌ಪೇಟೆಯಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ ಇದೆ. ಆನ್‌ಲೈನ್ ಅರ್ಜಿಗಳನ್ನೂ ಹಾಕಿಕೊಡುತ್ತೇನೆ. ಒಂದು ಮಧ್ಯಾಹ್ನ ಚಿಕ್ಕಪ್ಪ ಹಾಲಿನ ಕ್ಯಾನಿನ ಸಮೇತ ಬಂದು ನಿಂತ.

"ಅಮ್ಮಣ್ಣಿ, ನಮ್ಗೆ ಮೂರು ಪಾಸ್‌ಪೋರ್ಟು ಮಾಡ್ಕೊಡು. ವರ್ಲ್ಡ್ ಟೂರು ಓಗ್ತಾ ಇದೀವಿ."

"ಯಾವ ವರ್ಲ್ಡಿಗೆ ಚಿಕ್ಕಪ್ಪ?"

"ಇರೋದು ಒಂದೇ ಅಲ್ವೇನಮ್ಮಿ?"

ಆಗಿದ್ದಿಷ್ಟು. ನಮ್ಮೂರು ಬಿಟ್ಟು ದುಬೈಯಲ್ಲಿ ಹೋಟೆಲು ಇಟ್ಟಿರುವ ಒಬ್ಬರು ರಜೆಗೆ ಬಂದಿದ್ದಾಗ ಇವರ ಆಟ ನೋಡಿದ್ದರು. ನೋಡಿ ಕಣ್ಣೀರು ಹಾಕಿದ್ದರು. ಸಂತೋಷಕ್ಕೋ, ಶಬ್ದಕ್ಕೋ, ಅದು ಅವರಿಗೇ ಗೊತ್ತು. ಮಲೇಷ್ಯಾದಲ್ಲೂ ಸಿಂಗಪುರದಲ್ಲೂ ಇರುವ ನಮ್ಮೂರಿನವರನ್ನು ಫೋನಿನಲ್ಲಿ ಹುರಿದುಂಬಿಸಿ, ಟಿಕೆಟ್ಟು, ಊಟ, ವಸತಿ ಎಲ್ಲ ನಾವು ನೋಡಿಕೊಳ್ಳುತ್ತೇವೆ ಎಂದು ಕರೆಸಿಕೊಂಡರು. ಪಾಸ್‌ಪೋರ್ಟು, ವೀಸಾ ಎಂದು ನಾನು ಓಡಾಡಿದ್ದನ್ನು ನೋಡಿ, ಇಷ್ಟೆಲ್ಲ ಬಲ್ಲವಳು ಜೊತೆಗಿರಲಿ ಎಂದು ಚಿಕ್ಕಪ್ಪ ನನ್ನನ್ನೇ ಮ್ಯಾನೇಜರ್ ಮಾಡಿಬಿಟ್ಟ. ನನ್ನ ಗಂಡನನ್ನಾದರೂ ಒಂದು ಮಾತು ಕೇಳಬೇಡವೇ ಎಂದೆ. "ಆವಾಗ್ಲೇ ಕೇಳ್ದೆ. ಓಗಿಬರ್ಲಿ ಅಂದ್ರು. ಖುಸಿಯಾಗವ್ರೆ" ಎಂದ. ಆ ಖುಷಿಯ ವಿಷಯವನ್ನು ನಾನೂ ನನ್ನ ಗಂಡನೂ ಇನ್ನೂ ಪೂರ್ತಿ ಚರ್ಚಿಸಿಲ್ಲ.

ಪೋಸ್ಟರು ಹಾಕಿದರು: 'ನಾಲ್ಕನೇ ಪಾಳಿ, ವಿಶ್ವ ಪ್ರವಾಸ. ರಾಬರ್ಟ್‌ಸನ್‌ಪೇಟೆ, ದುಬೈ, ಕೌಲಾಲಂಪುರ, ಸಿಂಗಪುರ.' ರಾಬರ್ಟ್‌ಸನ್‌ಪೇಟೆ ಯಾಕೆ ಎಂದು ಕೇಳಿದ್ದಕ್ಕೆ, "ಅದೇನು ಪ್ರಪಂಚದಾಗೆ ಇಲ್ವಾ?" ಎಂದ ಚಿಕ್ಕಪ್ಪ.

ಬೆಂಗಳೂರಿನ ವಿಮಾನ ನಿಲ್ದಾಣದಲ್ಲೇ ಮೊದಲ ಎಡವಟ್ಟು. ಚಿಕ್ಕಪ್ಪನ ಬ್ಯಾಗನ್ನು ಯಂತ್ರದೊಳಗೆ ಬಿಟ್ಟ ಅಧಿಕಾರಿ ಹುಬ್ಬು ಗಂಟಿಕ್ಕಿ, ತೆರೆಯಿರಿ ಎಂದರು. ತೆರೆದರೆ ರಾಗಿಹಿಟ್ಟು, ಹುರುಳಿಕಾಳು, ಅವುಗಳ ನಡುವೆ ಬಟ್ಟೆ ಸುತ್ತಿದ ದಪ್ಪನೆಯ ಕಂಚಿನ ಗಂಟೆ.

"ಏನ್ರೀ ಇದು?"

"ಕೌಬೆಲ್ಲು ಸಾರ್. ಡ್ರಮ್ ಜೊತೆಗೆ ಒಡಿಯೋಕೆ."

"ಇದು ಹಸುವಿನ ಗಂಟೆ ಅಲ್ವಾ?"

"ಊಂ. ಕೌ ಅಂದ್ರೆ ಹಸು ಸಾರ್."

ನಾನು ಮುಂದೆ ಬಂದು, ರಾಕ್ ಸಂಗೀತದಲ್ಲಿ ಈ ಥರದ ಗಂಟೆಯೊಂದು ಬಳಕೆಯಲ್ಲಿದೆ, ಅಂಗಡಿಯಲ್ಲಿ ಸಿಗುತ್ತದೆ, ಆದರೆ ನಮ್ಮ ಚಿಕ್ಕಪ್ಪನಿಗೆ ಅಸಲಿಯೇ ಆಗಬೇಕೆಂದು ಮನೆಯ ಹಸುವಿನ ಕೊರಳಿನಿಂದ ಬಿಚ್ಚಿ ತಂದಿದ್ದಾನೆ ಎಂದು ವಿವರಿಸಿದೆ. ನಾನು ವಿವರಿಸಿದಷ್ಟೂ ಅಧಿಕಾರಿಯ ಮುಖ ಗಂಭೀರವಾಗುತ್ತ ಹೋಯಿತು. ಕೊನೆಗೆ ಚೆಕ್-ಇನ್ ಲಗೇಜಿಗೆ ಹಾಕಿ ಎಂದು ಬಿಟ್ಟರು. "ಮೇಡಂ, ಹಸು ಬರ್ತಾ ಇಲ್ಲ ತಾನೆ?" ಎಂದು ಕೇಳಿದರು, ಪಾಪ.

ಹಸು ಬರಲಿಲ್ಲ, ಫೋನು ಮಾಡಿಸಿತು. ದುಬೈಯ ಸಭಾಂಗಣದಲ್ಲಿ ಸಂಜೆಯ ಆಟಕ್ಕೆ ಮೈಕು ಸರಿಮಾಡಿಕೊಳ್ಳುತ್ತಿರುವಾಗ ನನ್ನ ಮೊಬೈಲಿಗೆ ಚಿಕ್ಕಮ್ಮನ ವಿಡಿಯೋ ಕರೆ ಬಂತು. ತಲೆಗೂದಲು ಕೆದರಿತ್ತು, ಸೀರೆಯ ಮೇಲೆ ಸಗಣಿ.

"ಎಲ್ಲಿ ನಿಮ್ಮ ಚಿಕ್ಕಪ್ಪ? ಕೊಡು ಪೋನು."

ಚಿಕ್ಕಪ್ಪ ಬಂದ. "ಏನೇ?"

"ಗೌರಿ ಆಲು ಕೊಡ್ತಾ ಇಲ್ಲ. ಕೊಳ್ಳಾಗೆ ಗಂಟೆ ಇಲ್ದೆ ಅದುಕ್ಕೆ ದಿಕ್ಕು ತೋಚ್ತಾ ಇಲ್ಲ. ನೀವು ಅಲ್ಲಿ ಗಂಟೆ ಒಡೀತಾ ಇದೀರ, ಇಲ್ಲಿ ಅದು ನನ್ನ ಒದೀತಾ ಐತೆ."

ಚಿಕ್ಕಪ್ಪ ಒಂದು ಕ್ಷಣವೂ ಯೋಚಿಸಲಿಲ್ಲ. ಫೋನನ್ನು ಹಸುವಿನ ಕಿವಿಯ ಹತ್ತಿರ ಹಿಡಿ ಎಂದ. ಸೆಲ್ವ ಮಾಮನಿಗೆ ಸನ್ನೆ ಮಾಡಿದ. ಸೆಲ್ವ ಮಾಮ ಗಂಟೆಯನ್ನು ಎರಡು ಸಲ ತಟ್ಟಿದ. ಚಿಕ್ಕಪ್ಪ ಮೈಕಿನ ಮುಂದೆ ನಿಂತು, "ಬಾಮ್ಮಾ ಗೌರಿ, ನಿಂತ್ಕೋಮ್ಮಾ" ಎಂದು ದಿನಾ ಕರೆಯುವ ದನಿಯಲ್ಲಿ ಕರೆದ. ಧ್ವನಿವರ್ಧಕದ ಹುಡುಗರು ಕೈಲಿದ್ದ ವೈರುಗಳನ್ನು ಹಾಗೇ ಹಿಡಿದು ನಿಂತರು. ಆ ಕಡೆ ಚಿಕ್ಕಮ್ಮ ಫೋನನ್ನು ಹಸುವಿನ ಮುಂದಿನ ಗೂಟಕ್ಕೆ ಸಿಕ್ಕಿಸಿ ಕರೆಯಲು ಕೂತಳು. ಚೊಂಬಿಗೆ ಹಾಲು ಬೀಳುವ ಸದ್ದು ಕೇಳಿಸಿತು, ಸರ್ ಸರ್ ಎಂದು. ಹಾಲು ಕರೆದು ಮುಗಿಯುವವರೆಗೂ ಆಟದ ತಯಾರಿ ನಿಂತಿತ್ತು. ಆಮೇಲೆ ಚಿಕ್ಕಮ್ಮ ಬೇರೆ ಗಂಟೆ ಕೊಂಡು ಕಟ್ಟಿದಳು. ಅಸಲಿ ಗಂಟೆಗೂ ಅಂಗಡಿ ಗಂಟೆಗೂ ಗೌರಿ ಏನೂ ವ್ಯತ್ಯಾಸ ಮಾಡಲಿಲ್ಲ ಎನ್ನುವುದನ್ನು ಚಿಕ್ಕಪ್ಪನ ಮುಂದೆ ಯಾರೂ ಹೇಳುವುದಿಲ್ಲ.

ಸಂಜೆ ನೋಡಿದರೆ ವೇದಿಕೆಯ ಹಿಂದಿನ ಬ್ಯಾನರಿನಲ್ಲಿ 'ಮಧುರ ಗೀತೆಗಳ ಸಂಜೆ' ಎಂದು ಬರೆದಿತ್ತು. ಸುತ್ತಲೂ ಗುಲಾಬಿ ಹೂವಿನ ಚಿತ್ರ. ರೇಷ್ಮೆ ಸೀರೆಯುಟ್ಟ ಹೆಂಗಸರು, ಮಡಿಲಲ್ಲಿ ಕೂಸುಗಳು. ಯಾರೋ ಒಬ್ಬರು ಹಳೆಯ ಸಿನಿಮಾದ ಹಾಡು ಬೇಕೆಂದು ಚೀಟಿ ಕಳಿಸಿದರು. ಚಿಕ್ಕಪ್ಪ ಚೀಟಿ ಓದಿ ಮೈಕಿನಲ್ಲೇ ಹೇಳಿದ: "ಸಿನಿಮಾ ಆಡು ಮನೆನಾಗೆ ಟೀವಿ ಆಕ್ಕೊಂಡು ಕೇಳಿ. ಇಲ್ಲಿ ನಮ್ಮದು."

ಗಿಟಾರು ಕಿರುಚಿತು. ಕೂಸುಗಳೂ ಕಿರುಚಿದವು. ಮುಂದಿನ ಸಾಲಿನವರು ಎದ್ದು ಹಿಂದಿನ ಸಾಲಿಗೆ ಹೋದರು, ಹಿಂದಿನ ಸಾಲಿನವರು ಬಾಗಿಲಿಗೆ ಹೋದರು. ಹೋಟೆಲಿನ ಯಜಮಾನರು ನನ್ನ ಕಡೆ ನೋಡಿದರು. ನಾನು ಚಾವಣಿ ನೋಡಿದೆ. ಆಗ ಇದ್ದಕ್ಕಿದ್ದಂತೆ ಸೆಲ್ವ ಮಾಮ ತಾಳ ಬದಲಾಯಿಸಿದ. ರಾಕ್ ಬಿಟ್ಟು, ನಮ್ಮೂರ ಮೆರವಣಿಗೆಗಳಲ್ಲಿ ತಮಟೆಯ ಮೇಲೆ ಬಡಿಯುವ ಕುತ್ತು ತಾಳ ಹಿಡಿದ. ಬಾಗಿಲವರೆಗೆ ಹೋಗಿದ್ದ ಜನ ಅಲ್ಲೇ ನಿಂತರು. ಒಬ್ಬರು ಪಂಚೆ ಎತ್ತಿ ಕಟ್ಟಿದರು. ಐದು ನಿಮಿಷದಲ್ಲಿ ರೇಷ್ಮೆ ಸೀರೆಗಳೂ ಕುಣಿಯುತ್ತಿದ್ದವು. ಚಿಕ್ಕಪ್ಪ ಮಾತ್ರ ತನ್ನ ಹಾಡನ್ನು ತನ್ನ ವೇಗದಲ್ಲೇ ಹಾಡುತ್ತಿದ್ದ. ಅಂದರೆ ಒಂದೇ ವೇದಿಕೆಯಲ್ಲಿ ಎರಡು ಹಾಡು. ರೆಡ್ಡೆಪ್ಪ ಎರಡರ ನಡುವೆ ತನ್ನ ಪಾಡಿಗೆ ಒಂದು ಮೂರನೆಯದನ್ನು ಬಾರಿಸಿದ. ಇಂಥ ಹೊಸ ಶೈಲಿಯನ್ನು ಎಲ್ಲೂ ಕೇಳಿಲ್ಲ ಎಂದು ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಆಟ ಗೆದ್ದದ್ದಕ್ಕೆ ಚಿಕ್ಕಪ್ಪನಿಗೆ ಬಂದ ಕೋಪವನ್ನು ನಾನು ವರ್ಣಿಸಲಾರೆ.

"ಏನಲಾ ಸೆಲ್ವ, ನನ್ನ ಆಡಿಗೆ ಎಣದ ಮೆರವಣಿಗೆ ತಾಳ ಆಕ್ತೀಯಾ?"

"ಸತ್ತೋಗಿರೋ ಹಾಡಿಗೆ ಬೇರೆ ಏನ್ ಹಾಕ್ಲಿ ಮಚ್ಚಾ?"

"ರೆಡ್ಡೆಪ್ಪಾ, ನೀನೇಳು. ಇವ್ನು ಮಾಡಿದ್ದು ಸರಿನಾ?"

"ಅಟ್ಲೇ ಕಾನೀ" ಎಂದ ರೆಡ್ಡೆಪ್ಪ.

ಕೌಲಾಲಂಪುರಕ್ಕೆ ನಾವು ಇಳಿದೆವು, ಚಿಕ್ಕಪ್ಪನ ಗಿಟಾರು ಇಳಿಯಲಿಲ್ಲ. ಅದು ಎಲ್ಲೋ ಬೇರೆ ವಿಮಾನ ಹತ್ತಿ ಬೇರೆ ದೇಶಕ್ಕೆ ಹೋಗಿತ್ತು. ಒಂದು ಲೆಕ್ಕದಲ್ಲಿ ನಿಜವಾದ ವಿಶ್ವ ಪ್ರವಾಸ ಮಾಡಿದ್ದು ಅದೊಂದೇ. ನಾನು ಕೌಂಟರಿನಿಂದ ಕೌಂಟರಿಗೆ ಅಲೆದೆ. ಕರಿ ಬಣ್ಣ, ಉದ್ದ ಕುತ್ತಿಗೆ, ಹಿಂಬದಿಯಲ್ಲಿ ಹಾಲು ಒಕ್ಕೂಟದ ಸ್ಟಿಕ್ಕರು ಎಂದು ಗುರುತು ಹೇಳಿದೆ. ಚಿಕ್ಕಪ್ಪ ಪಕ್ಕದಲ್ಲಿ ನಿಂತು, ಮಗುವನ್ನು ಜಾತ್ರೆಯಲ್ಲಿ ಕಳೆದುಕೊಂಡವನ ಹಾಗೆ ಬರುವ ಹೋಗುವವರ ಕೈಯನ್ನೆಲ್ಲ ನೋಡುತ್ತಿದ್ದ.

ಸಂಜೆಯ ಆಟಕ್ಕೆ ಅಲ್ಲಿನ ಆಯೋಜಕರು ತಮ್ಮ ಮಗಳ ಗಿಟಾರು ತಂದುಕೊಟ್ಟರು. ಅದು ಗುಲಾಬಿ ಬಣ್ಣದ್ದು. ಮೈತುಂಬ ಚಿಟ್ಟೆಯ ಸ್ಟಿಕ್ಕರುಗಳು. ಚಿಕ್ಕಪ್ಪನ ಮೀಸೆ ನೀವು ನೋಡಿಲ್ಲ. ಆ ಮೀಸೆಯ ಕೆಳಗೆ ಆ ಗಿಟಾರು ಬಂದಾಗ ನಾನು ನೀರು ಕುಡಿಯುವ ನೆಪದಲ್ಲಿ ಹೊರಗೆ ಹೋಗಿ ಗೋಡೆ ಹಿಡಿದುಕೊಂಡು ನಕ್ಕು ಬಂದೆ. ಆ ಪ್ರವಾಸದಲ್ಲಿ ನಾನು ಮನಸ್ಸು ಬಿಚ್ಚಿ ನಕ್ಕದ್ದು ಅದೊಂದೇ ಸಲ ಎಂದು ಕಾಣುತ್ತದೆ.

ಯಾಕೆಂದರೆ ಮೂರನೆಯ ಹಾಡಿನಲ್ಲಿ ಕೆಟ್ಟದ್ದೊಂದು ನಡೆಯಿತು. 'ಬಂಗಾರಪೇಟೆ ಜಂಕ್ಷನ್ನು' ಶುರುವಾಗಿತ್ತು. ಚಿಕ್ಕಪ್ಪ ಎಂದಿನಂತೆ ಓಡುತ್ತಿದ್ದ. ಡ್ರಮ್ಮು ಹಿಂದೆ ಬಿತ್ತು. ಚಿಕ್ಕಪ್ಪ ತಿರುಗಿ ನೋಡಿದ. ಡ್ರಮ್ಮು ಇನ್ನೂ ಹಿಂದೆ ಬಿತ್ತು. ಚಿಕ್ಕಪ್ಪ ಗಿಟಾರಿನ ತಂತಿಗಳ ಮೇಲೆ ಅಂಗೈ ಇಟ್ಟು ಹಾಡು ನಿಲ್ಲಿಸಿದ. ಮೈಕು ಬಾಯಿಯ ಹತ್ತಿರವೇ ಇತ್ತು.

"ಏನಲಾ ಇದು, ಗೂಡ್ಸ್ ರೈಲಾ? ಕೈಯಾಗೆ ಸಕ್ತಿ ಇಲ್ದಿದ್ರೆ ಮನೇಲಿ ಕೂತ್ಕೋಬೇಕು. ಇಷ್ಟು ದೂರ ಬಂದು ಮಾನ ತೆಗೀಬಾರ್ದು."

ಸಭೆ ನಕ್ಕಿತು. ಇದೂ ಆಟದ ಭಾಗವೆಂದು ತಿಳಿದಿದ್ದರು. ಸೆಲ್ವ ಮಾಮ ನಗಲಿಲ್ಲ. ಕೋಲುಗಳೆರಡನ್ನೂ ಡ್ರಮ್ಮಿನ ಮೇಲೆ ಮೆಲ್ಲಗೆ ಜೋಡಿಸಿಟ್ಟ, ಎದ್ದ, ವೇದಿಕೆ ಇಳಿದು ಹೋದ. ಚಿಕ್ಕಪ್ಪ ಅವನು ಹೋದ ದಿಕ್ಕನ್ನೇ ನೋಡುತ್ತ ನಿಂತ. ನಿಲ್ಲಿಸು ಎಂದು ಯಾರೂ ಹೇಳದಿದ್ದುದರಿಂದ ರೆಡ್ಡೆಪ್ಪ ಒಬ್ಬನೇ ಬಹಳ ಹೊತ್ತು ಬಾರಿಸುತ್ತಲೇ ಇದ್ದ.

ಅಲ್ಲಿಂದ ಇಬ್ಬರಿಗೂ ಮಾತು ನಿಂತುಹೋಯಿತು. ಹೋಟೆಲಿನಲ್ಲಿ ಮೂವರು ಗಂಡಸರಿಗೂ ಒಂದೇ ಕೋಣೆ, ನನಗೆ ಪಕ್ಕದ್ದು. ಬೆಳಿಗ್ಗೆ ಅವರ ಕೋಣೆಗೆ ಹೋದರೆ ಮಂಚದ ಆ ಬದಿಗೊಬ್ಬ, ಈ ಬದಿಗೊಬ್ಬ.

"ಅಮ್ಮಣ್ಣಿ, ಸೋಪು ಎಲ್ಲಿಟ್ಟವ್ನೆ ಕೇಳು."

"ಮಾಮಾ, ಸೋಪು ಎಲ್ಲಿ ಅಂತೆ."

"ಬಾತ್‌ರೂಮ್‌ನಲ್ಲೇ ಇದೆ, ಕಣ್ ತೆರೆದು ನೋಡೋಕ್ ಹೇಳಮ್ಮ."

"ಬಾತ್‌ರೂಮಲ್ಲಂತೆ ಚಿಕ್ಕಪ್ಪ."

"ನಂಗೂ ಕಿವಿ ಐತೆ. ಕೇಳುಸ್ತು" ಎಂದ ಚಿಕ್ಕಪ್ಪ, ನನ್ನ ಮೇಲೆ ರೇಗಿ.

ಹುಟ್ಟಿದಾರಭ್ಯ ನಾನು ಮಾಡಿದ ಯಾವ ಪಾಪಕ್ಕೆ ಈ ಮ್ಯಾನೇಜರ್ ಕೆಲಸ ಎಂದು ಯೋಚಿಸುತ್ತ, ಚಿಕ್ಕಪ್ಪನೂ ರೆಡ್ಡೆಪ್ಪನೂ ತಿಂಡಿಗೆ ಇಳಿದ ಮೇಲೆ ಸೆಲ್ವ ಮಾಮನನ್ನು ಕರೆಯಲು ಮತ್ತೆ ಹೋದೆ. ಬಾಗಿಲು ಅರ್ಧ ತೆರೆದಿತ್ತು. ಅವನು ಕನ್ನಡಿಯ ಮುಂದೆ ನಿಂತು ಶರ್ಟು ಹಾಕಿಕೊಳ್ಳುತ್ತಿದ್ದ. ಎಡಗೈ ತೋಳಿನೊಳಗೆ ಹೋಗಿತ್ತು. ಬಲಗೈ ಹೋಗುತ್ತಿರಲಿಲ್ಲ. ಎಡಗೈಯಿಂದ ಬಲಗೈಯನ್ನು ಹಿಡಿದು, ಅದು ಬೇರೆ ಯಾರದೋ ಕೈ ಎನ್ನುವ ಹಾಗೆ ಮೆಲ್ಲಗೆ ಎತ್ತಿ ಶರ್ಟಿನೊಳಗೆ ತೂರಿಸಲು ನೋಡುತ್ತಿದ್ದ. ಹಲ್ಲು ಕಚ್ಚಿಕೊಂಡಿದ್ದ. ನನ್ನನ್ನು ನೋಡಿ ಮುಖ ತಿರುಗಿಸಿದ.

ನಾನು ಹೋಗಿ ಶರ್ಟು ತೊಡಿಸಿದೆ, ಗುಂಡಿ ಹಾಕಿದೆ. "ಯಾವಾಗಿಂದ ಮಾಮಾ?"

"ಊರು ಬಿಡೋಕ್ ಮುಂಚೆ ಶುರುವಾಯ್ತು ಪಾ. ಶೋಲ್ಡರ್ ಹಿಡ್ಕೊಂಡಿದೆ. ಮೇಲೆ ಎತ್ತೋಕೇ ಆಗಲ್ಲ. ದುಬೈಲಿ ಕುತ್ತು ತಾಳ ಹಾಕ್ದೆ ನೋಡು, ಅದಾದ್ರೆ ಎಡಗೈಲೇ ಸಮಾಳಿಸ್ಬೋದು."

"ಹೇಳಬಾರದಿತ್ತಾ?"

"ಹೇಳಿದ್ರೆ ಅವನು ಬರ್ತಿದ್ನಾ? ಟೂರೇ ಬೇಡ ಅಂತ ಕ್ಯಾನು ತಗೊಂಡು ಡೈರಿಗೆ ಹೋಗಿರೋನು. ಎಷ್ಟು ವರ್ಷದ ಆಸೆ ಅವನ್ದು, ನಿಂಗೆ ಗೊತ್ತಿಲ್ವಾ? ಅವನ ಹತ್ರ ಹೇಳ್ಬೇಡ. ನನ್ ಮೇಲೆ ಸತ್ಯ."

ಆಣೆ ಹಾಕಿಸಿಕೊಳ್ಳಲು ಅವನು ಎಡಗೈ ಚಾಚಿದ. ನಾನು ಕೈ ಕೊಡದೆ, ತಿಂಡಿ ಆರುತ್ತದೆ ಬಾ ಎಂದೆ.

ಸಿಂಗಪುರಕ್ಕೆ ಬಸ್ಸಿನಲ್ಲಿ ಹೊರಟೆವು. ಚಿಕ್ಕಪ್ಪ ಮುಂದಿನ ಸೀಟಿನಲ್ಲಿ, ಸೆಲ್ವ ಮಾಮ ಕೊನೆಯ ಸೀಟಿನಲ್ಲಿ. ಬಸ್ಸು ಹತ್ತಿದ ಕೂಡಲೇ ರೆಡ್ಡೆಪ್ಪನಿಗೆ ಜೀವ ಬಂತು. ಯಾರೂ ಹೇಳದಿದ್ದರೂ ಎಲ್ಲರ ಲಗೇಜು ಜೋಡಿಸಿದ, ಒಬ್ಬ ಚೀನೀ ಅಜ್ಜಿಗೆ ಕಿಟಕಿ ಪಕ್ಕ ಸೀಟು ಮಾಡಿಕೊಟ್ಟ, ಬಾಗಿಲಲ್ಲಿ ನಿಂತು "ರೈಟ್ ರೈಟ್" ಎಂದು ಕೂಗಿದ. ಆ ದೇಶದ ಚಾಲಕನಿಗೆ ಏನು ಅರ್ಥವಾಯಿತೋ, ಬಸ್ಸು ಹೊರಟಿತು.

ನಡುವೆ ಚಹಾಕ್ಕೆ ನಿಲ್ಲಿಸಿದಾಗ ಸೆಲ್ವ ಮಾಮ ಬಸ್ಸಿನಿಂದ ಇಳಿಯಲಿಲ್ಲ. ನಾನು ಚಿಕ್ಕಪ್ಪನನ್ನು ಒಂದು ಮರದ ಕೆಳಗೆ ಕರೆದುಕೊಂಡು ಹೋಗಿ ಎಲ್ಲ ಹೇಳಿದೆ. ಅವನು ಕೂಗಾಡುತ್ತಾನೆ, ಅಷ್ಟು ದೂರದ ಬಸ್ಸಿಗೂ ಕೇಳಿಸುತ್ತದೆ ಎಂದು ಸಿದ್ಧಳಾಗಿಯೇ ಇದ್ದೆ. ಅವನು ಲೋಟವನ್ನು ಬಾಯಿಗೆ ತರದೆ ಬಸ್ಸಿನ ಕೊನೆಯ ಕಿಟಕಿಯನ್ನೇ ನೋಡಿದ. ಚಹಾದ ಮೇಲೆ ಕೆನೆ ಕಟ್ಟಿತು.

"ಎರಡು ದಿನದಿಂದ ಎಡಗೈನಾಗೆ ಸ್ಪೂನ್ ಇಡ್ಕೊಂಡು ತಿಂತಿದ್ದ," ಎಂದ ಕೊನೆಗೆ. "ಪಾರಿನ್‌ಗೆ ಬಂದು ಪೊಗರು ಬಂತು ಅಂದ್ಕಂಡೆ."

ಅಷ್ಟೇ. ಚಹಾ ಕುಡಿಯದೆ ಲೋಟ ಇಟ್ಟು ಬಸ್ಸು ಹತ್ತಿದ. ಆದರೆ ಕೊನೆಯ ಸೀಟಿಗೆ ಹೋಗಲಿಲ್ಲ, ತನ್ನ ಸೀಟಿಗೇ ಹೋಗಿ ಕೂತ. ಗಂಡಸರ ಈ ಬಿಗುಮಾನಕ್ಕೆ ಯಾವ ದೇಶದಲ್ಲಾದರೂ ಔಷಧಿ ಇದ್ದರೆ ಅಲ್ಲಿಗೊಂದು ಪ್ರವಾಸ ನಾನೇ ಏರ್ಪಡಿಸುತ್ತೇನೆ.

ಕಳೆದುಹೋಗಿದ್ದ ಗಿಟಾರು ಸಿಂಗಪುರಕ್ಕೆ ಬಂದು ಕಾಯುತ್ತಿತ್ತು. ಚಿಕ್ಕಪ್ಪ ಚೀಲ ತೆರೆದು ಒಮ್ಮೆ ನೋಡಿ ಮುಚ್ಚಿದ. ಅಲ್ಲಿನ ಆಯೋಜಕರು ಬಹಳ ನಯವಾಗಿ, ಸುತ್ತ ಮನೆಗಳಿವೆ, ಇಷ್ಟಕ್ಕಿಂತ ಹೆಚ್ಚು ಶಬ್ದ ಮಾಡುವ ಹಾಗಿಲ್ಲ ಎಂದು ಒಂದು ಅಳತೆಯ ಯಂತ್ರ ತೋರಿಸಿದರು. ನಾನು ಕಣ್ಣು ಮುಚ್ಚಿಕೊಂಡೆ. "ಆಗ್ಲಿ ಸಾರ್. ನಿಮ್ಗೆ ಎಂಗೆ ಬೇಕೋ ಅಂಗೆ" ಎಂದ ಚಿಕ್ಕಪ್ಪ. ನನಗೆ ನಿಜವಾಗಿ ಭಯವಾದದ್ದು ಆಗ. ಹಣೆ ಮುಟ್ಟಿ ನೋಡೋಣವೇ ಎನಿಸಿತು.

ವೇದಿಕೆಯ ಹಿಂದೆ ಸೆಲ್ವ ಮಾಮ ಬೆಂಚಿನ ಮೇಲೆ ಕೂತಿದ್ದ. ತಾನು ಬಾರಿಸುವುದಿಲ್ಲ ಎಂದು ಬೆಳಿಗ್ಗೆಯೇ ನನಗೆ ಹೇಳಿಬಿಟ್ಟಿದ್ದ. ಚಿಕ್ಕಪ್ಪ ಬಂದು ಅವನಿಗೆ ಬೆನ್ನು ಮಾಡಿ ನಿಂತು ನನ್ನ ಮುಖ ನೋಡಿದ.

"ಅಮ್ಮಣ್ಣಿ, ಅವ್ನಿಗೆ ಏಳು. ಡ್ರಮ್ ಇಲ್ದೆ ನಾನು ಆಡಲ್ಲ. ಎಷ್ಟು ಆಗುತ್ತೋ ಅಷ್ಟು ಒಡೀಲಿ. ಆಗ್ದಿದ್ರೆ ಸುಮ್ಕೆ ಕೂತಿರ್ಲಿ. ನಾನು ಕಾಯ್ತೀನಿ."

ಸೆಲ್ವ ಮಾಮ ನನ್ನನ್ನು ದುರುಗುಟ್ಟಿ ನೋಡಿದ. "ಹೇಳಿಬಿಟ್ಯಾ?"

"ಹೇಳಿದೆ," ಎಂದೆ. "ನಿಮ್ಮಿಬ್ಬರ ನಡುವೆ ಪೋಸ್ಟ್‌ಮ್ಯಾನ್ ಕೆಲಸ ಮಾಡಿ ಮಾಡಿ ಸಾಕಾಯ್ತು. ಇನ್ನು ಮುಂದೆ ನೀವು ನೀವೇ ಮಾತಾಡ್ಕೊಳ್ಳಿ. ಇಲ್ಲದಿದ್ದರೆ ನಾನು ರೆಡ್ಡೆಪ್ಪಣ್ಣನ್ನ ಕರ್ಕೊಂಡು ಊರಿಗೆ ಹೋಗ್ತೀನಿ."

"ಅಟ್ಲೇ ಕಾನೀ" ಎಂದ ರೆಡ್ಡೆಪ್ಪ, ಮೂಲೆಯಿಂದ.

ಮೂವರೂ ವೇದಿಕೆ ಹತ್ತಿದರು. ಜನ ಹೆಚ್ಚಿರಲಿಲ್ಲ. ಚಾಂಪಿಯನ್ ರೀಫ್ಸ್ ಕಡೆಯ ಹಲವು ಸಂಸಾರಗಳು, ಮುಂದೆ ಒಂದಿಬ್ಬರು ವಯಸ್ಸಾದವರು. ಚಿಕ್ಕಪ್ಪ ನಮಸ್ಕಾರ ಹೇಳಿದ. ಆಮೇಲೆ ಮೈಕನ್ನು ತಿರುಗಿಸಿಕೊಂಡು, ಸಭೆಗೆ ಬೆನ್ನು ಹಾಕಿ, ಡ್ರಮ್ಮಿನ ಕಡೆ ಮುಖ ಮಾಡಿ ನಿಂತ. ಆಟ ಮುಗಿಯುವವರೆಗೂ ಹಾಗೇ ನಿಂತಿದ್ದ. ಸಿಂಗಪುರದ ಜನ ನೋಡಿದ್ದು ನಮ್ಮ ಚಿಕ್ಕಪ್ಪನ ಶರ್ಟಿನ ಹಿಂಭಾಗವನ್ನು ಮಾತ್ರ.

'ಬಂಗಾರಪೇಟೆ ಜಂಕ್ಷನ್ನು' ಶುರುವಾಯಿತು. ಈ ಹಾಡು ಇಷ್ಟು ನಿಧಾನವಾಗಿಯೂ ಇದೆ ಎಂದು ನನಗೆ ಗೊತ್ತಿರಲಿಲ್ಲ. ಚಿಕ್ಕಪ್ಪನ ಕಣ್ಣು ಸೆಲ್ವ ಮಾಮನ ಬಲಭುಜದ ಮೇಲೇ ಇತ್ತು. ಆ ಕೈ ಮೇಲೆ ಏಳುವವರೆಗೆ ಅವನು ಸಾಲಿನ ಕೊನೆಯ ಅಕ್ಷರವನ್ನು ಎಳೆದು ಹಿಡಿಯುತ್ತಿದ್ದ, ಕೈ ಬಿದ್ದ ಮೇಲೆ ಮುಂದಿನ ಸಾಲಿಗೆ ಹೋಗುತ್ತಿದ್ದ. ಒಮ್ಮೆ ಕೈ ಏಳಲೇ ಇಲ್ಲ. ಚಿಕ್ಕಪ್ಪ ಉಸಿರು ಮುಗಿಯುವವರೆಗೆ ಎಳೆದ, ಮುಗಿದ ಮೇಲೂ ಮುಂದಕ್ಕೆ ಹೋಗದೆ ಕಾದ. ಆ ಮೌನದಲ್ಲಿ ಸಭೆಯಲ್ಲಿದ್ದ ಯಾರೋ ಹೆಂಗಸು ಪಲ್ಲವಿ ಎತ್ತಿಕೊಂಡರು. ಉಳಿದವರೂ ಸೇರಿಕೊಂಡರು. ಸೆಲ್ವ ಮಾಮ ತಲೆ ತಗ್ಗಿಸಿ, ಎಡಗೈಯಲ್ಲಿ ಮೆತ್ತಗೆ ತಟ್ಟುತ್ತ ಅವರ ಜೊತೆ ಹೋದ.

ಆಟ ಮುಗಿದ ಮೇಲೆ ಆಯೋಜಕರು ನನ್ನ ಹತ್ತಿರ ಬಂದು, ಎಲ್ಲ ಚೆನ್ನಾಗಿತ್ತು, ಆದರೆ ಗಾಯಕರು ಒಂದು ಸಲವೂ ಈ ಕಡೆ ತಿರುಗಲಿಲ್ಲವಲ್ಲ ಎಂದು ಬೇಸರ ಮಾಡಿಕೊಂಡರು. ಇದು ಹೊಸ ಶೈಲಿ ಎಂದು ಹೇಳಿ ತಪ್ಪಿಸಿಕೊಂಡೆ. ಮ್ಯಾನೇಜರಾಗಿ ಅಷ್ಟು ಸುಳ್ಳು ಹೇಳದಿದ್ದರೆ ಹೇಗೆ?

ಊರಿಗೆ ಬಂದ ಮೇಲೆ ಡಾಕ್ಟರು ಸೆಲ್ವ ಮಾಮನನ್ನು ನೋಡಿ, ಭುಜ ಬಿಗಿದುಕೊಂಡಿದೆ, ಸರಿಹೋಗುತ್ತದೆ, ಆದರೆ ತಿಂಗಳುಗಳೇ ಬೇಕು, ದಿನಾ ಎಣ್ಣೆ ಹಚ್ಚಿ ಕೈ ಆಡಿಸಬೇಕು ಎಂದರಂತೆ. ಇಬ್ಬರೂ ಮಾತಾಡುತ್ತಾರೋ ಇಲ್ಲವೋ ನಾನು ವಿಚಾರಿಸಲಿಲ್ಲ. ನನಗೆ ಅಂಗಡಿ ಇತ್ತು, ಗಂಡನ ಜೊತೆ ಮುಗಿಸಬೇಕಾದ ಚರ್ಚೆಯೂ ಇತ್ತು. ಒಂದು ಭಾನುವಾರ ಬೆಳಿಗ್ಗೆ ಪ್ರವಾಸದ ಫೋಟೋಗಳ ಪ್ರಿಂಟು ತೆಗೆದುಕೊಂಡು ಚಾಂಪಿಯನ್ ರೀಫ್ಸ್‌ಗೆ, ಸೆಲ್ವ ಮಾಮನ ಮನೆಗೆ ಹೋದೆ. ಬೀದಿಯ ತುದಿಯಿಂದಲೇ ಜಗಳ ಕೇಳಿಸಬಹುದು ಎಂದು ಕಿವಿಗೊಟ್ಟು ನಡೆದೆ. ಏನೂ ಕೇಳಿಸಲಿಲ್ಲ.

ಜಗುಲಿಯ ಮೇಲೆ ಬಿಸಿಲು ಬಿದ್ದಿತ್ತು. ಸೆಲ್ವ ಮಾಮ ಬನಿಯನ್ ಬಿಚ್ಚಿ, ಗೋಡೆಗೆ ಒರಗಿ ಕೂತಿದ್ದ. ತಲೆ ಒಂದು ಕಡೆ ವಾಲಿತ್ತು. ಪಕ್ಕದಲ್ಲಿ ಚಿಕ್ಕಪ್ಪ ಒಂದು ಮಂಡಿಯೂರಿ ಕೂತು, ಎಣ್ಣೆಯ ಕೈಯಲ್ಲಿ ಅವನ ಬಲಗೈಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡು, ಭುಜದಿಂದ ಮೊಣಕೈವರೆಗೆ ಮೆಲ್ಲಗೆ ನೀವುತ್ತಿದ್ದ. ಬಟ್ಟಲಿನ ಎಣ್ಣೆ ತಳ ಕಂಡಿತ್ತು. ಬಹಳ ಹೊತ್ತಿನಿಂದ ಕೂತಿದ್ದ ಎಂದು ಕಾಣುತ್ತದೆ, ಜೋಮು ಹಿಡಿದ ಇನ್ನೊಂದು ಕಾಲನ್ನು ಚಾಚಿಕೊಂಡಿದ್ದ.

"ಚಿಕ್ಕಪ್ಪಾ," ಎಂದು ನಾನು ಬಾಯಿ ತೆರೆದೆ.

ಅವನು ತಟ್ಟನೆ ಎಣ್ಣೆಯ ಬೆರಳನ್ನು ಮೀಸೆಯ ಮೇಲಿಟ್ಟುಕೊಂಡ.

"ಮೆತ್ತಗೆ ಮಾತಾಡಮ್ಮಿ," ಎಂದ, ನನಗೂ ಸರಿಯಾಗಿ ಕೇಳಿಸದಷ್ಟು ಸಣ್ಣ ದನಿಯಲ್ಲಿ. "ಈಗ ತಾನೆ ಮಲಗವ್ನೆ."